ಭೂಗರ್ಭಶಾಸ್ತ್ರಜ್ಞ ಡಾಸನ್ ಮತ್ತು ಅವರ ವಿಶ್ವವಿದ್ಯಾನಿಲಯ

ವಿಶ್ವವಿದ್ಯಾನಿಲಯದ ಆಡಳಿತಸೂತ್ರವನ್ನು ವಿದ್ವಾಂಸರ ಕೈಗೆ ಕೊಡಬೇಕೋ, ವ್ಯವಹಾರಕುಶಲರ ಕೈಗೆ ಕೊಡಬೇಕೋ ಎಂಬುದು ಕಾಲೇಜುಗಳ ಅಧ್ಯಾಪಕರ ಕೊಠಡಿಯಲ್ಲಿ ಎಂದೂ ಮುಗಿಯದ ಚರ್ಚೆ. ವಿದ್ವಾಂಸನನ್ನು ತಂದು ಕಚೇರಿಯ ಮೇಜಿನ ಮುಂದೆ ಕೂರಿಸಿದರೆ ಒಬ್ಬ ಒಳ್ಳೆಯ ವಿದ್ವಾಂಸನು ನಷ್ಟವಾಗಿ ಒಬ್ಬ ಸಾಧಾರಣ ಅಧಿಕಾರಿ ಲಭಿಸುತ್ತಾನೆ ಎಂದು ಒಂದು ಪಕ್ಷದವರು ಹೇಳುತ್ತಾರೆ. ವಿದ್ಯೆಯ ರುಚಿಯನ್ನೇ ಅರಿಯದವನು ವಿದ್ಯಾಪೀಠದ ಯಜಮಾನನಾದರೆ ಅಲ್ಲಿ ಕಟ್ಟಡಗಳು ಏಳುತ್ತವೆ, ವಿದ್ಯೆ ಏಳುವುದಿಲ್ಲ ಎಂದು ಮತ್ತೊಂದು ಪಕ್ಷ. ಇಪ್ಪತ್ತು ವರ್ಷಗಳಿಂದ ಈ ವಾದವನ್ನು ನಾನು ಕೇಳುತ್ತ ಬಂದಿದ್ದೇನೆ. ಒಂದೊಂದು ದಿನ ಒಂದೊಂದು ಪಕ್ಷವನ್ನು ವಹಿಸಿ ಮಾತನಾಡಿದ್ದೂ ಉಂಟು. ವಾದದಿಂದ ತೀರ್ಮಾನವಾಗದ ವಿಷಯಗಳನ್ನು ಒಂದು ಜೀವನಚರಿತ್ರೆಯ ಮೇಲಿಟ್ಟು ಒರೆಹಚ್ಚಿ ನೋಡುವುದು ಹಿರಿಯರ ಪದ್ಧತಿ. ಆದಕಾರಣ ಈ ಹೊತ್ತು ನಾನು ಕೆನಡ ದೇಶದ ಒಬ್ಬ ಮಹನೀಯರ ಕಥೆಯನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ. ಅವರು ಕಲ್ಲಿನ ಪದರಗಳನ್ನು ಓದುತ್ತ ಬೆಳೆದು, ಮೂವತ್ತೈದನೆಯ ವಯಸ್ಸಿನಲ್ಲಿ ಒಂದು ಪಾಳುಬಿದ್ದ ವಿದ್ಯಾಶಾಲೆಯ ಮುಖ್ಯಸ್ಥರಾಗಿ, ಮೂವತ್ತೆಂಟು ವರ್ಷಗಳಲ್ಲಿ ಅದನ್ನು ಲೋಕಪ್ರಸಿದ್ಧ ವಿಶ್ವವಿದ್ಯಾನಿಲಯವನ್ನಾಗಿ ಮಾಡಿದರು. ಅವರ ಹೆಸರು ಸರ್ ಜಾನ್ ವಿಲಿಯಂ ಡಾಸನ್.

ಕೆನಡದ ಪೂರ್ವತೀರದಲ್ಲಿ ನೋವಾ ಸ್ಕೋಷಿಯಾ ಎಂಬ ಪ್ರಾಂತವುಂಟು. ಹೆಸರೇ ಹೇಳುವಂತೆ ಅದು ಸ್ಕಾಟ್ಲೆಂಡಿನವರು ಸಮುದ್ರ ದಾಟಿ ಬಂದು ನೆಲಸಿ ಮಾಡಿಕೊಂಡ ಹೊಸ ಸ್ಕಾಟ್ಲೆಂಡು. ಅಲ್ಲಿಯ ಪಿಕ್ಟೂ ಎಂಬ ರೇವುಪಟ್ಟಣದಲ್ಲಿ 1820ನೆಯ ಇಸವಿ ಅಕ್ಟೋಬರ್ 13ರಂದು ಡಾಸನ್ ಜನಿಸಿದರು. ತಂದೆ ಸ್ಕಾಟ್ಲೆಂಡಿನಿಂದ ಬಂದವರು, ಪುಸ್ತಕವ್ಯಾಪಾರಿ. ಮನೆಯಲ್ಲಿ ಪುಸ್ತಕಗಳಿಗೆ ಕೊರತೆಯಿರಲಿಲ್ಲ; ಹಣಕ್ಕೆ ಕೊರತೆಯಿತ್ತು. ವ್ಯಾಪಾರದಲ್ಲಿ ಸೋತು ಸಾಲಗಾರರಾದ ತಂದೆಯ ಭಾರಕ್ಕೆ ಹೆಗಲುಕೊಡುವುದು ಹುಡುಗನ ಪಾಲಿಗೆ ಬಹು ಬೇಗನೆ ಬಂದಿತು.

ಈ ಹುಡುಗನಿಗೆ ಶಾಸ್ತ್ರದ ದೀಕ್ಷೆಯಾದ ಬಗೆ ಸ್ವಾರಸ್ಯವಾಗಿದೆ. ಶಾಲೆಯ ಹತ್ತಿರ ಒಂದು ಜೇಡಿಗಲ್ಲಿನ ದಿಣ್ಣೆಯಿತ್ತು. ಹುಡುಗರು ಅದರ ಚಕ್ಕೆಗಳನ್ನು ಎಬ್ಬಿಸಿ ಬಳಪ ಮಾಡಿಕೊಳ್ಳುತ್ತಿದ್ದರು. ಒಂದು ದಿನ ವಿಲಿಯಂ ಹಾಗೆ ಎಬ್ಬಿಸಿದ ಚಕ್ಕೆಯೊಂದರ ಮೇಲೆ, ಮಸಿಯಿಂದ ಬರೆದಂತೆ, ಜರಿಗಿಡದ ಎಲೆಯ ಸ್ಪಷ್ಟವಾದ ಗುರುತು ಕಾಣಿಸಿತು. ಕಲ್ಲಿನೊಳಕ್ಕೆ ಎಲೆ ಹೇಗೆ ಹೊಕ್ಕಿತು? ಉಳಿದ ಹುಡುಗರು ಬಳಪವನ್ನು ತೆಗೆದುಕೊಂಡು ಹೋದರು. ಇವನು ಪ್ರಶ್ನೆಯನ್ನು ತೆಗೆದುಕೊಂಡು ಹೋದನು. ಆ ಪ್ರಶ್ನೆ ಅವನ ಆಯುಷ್ಯದ ಪರ್ಯಂತ ಅವನನ್ನು ಬಿಡಲಿಲ್ಲ. ಪಿಕ್ಟೂ ಅಕಾಡೆಮಿಯ ಸ್ಥಾಪಕರಾದ ಥಾಮಸ್ ಮೆಕಲಕ್ ಎಂಬ ಪಾದ್ರಿಗಳು ತಾವೇ ಪ್ರಕೃತಿಶಾಸ್ತ್ರದಲ್ಲಿ ಆಸಕ್ತರಾಗಿದ್ದುದು ಹುಡುಗನ ಪುಣ್ಯ. ಮೀನು, ಮರ, ಕಲ್ಲಿದ್ದಲು ಇವುಗಳ ವ್ಯಾಪಾರವಲ್ಲದೆ ಬೇರೇನೂ ಇಲ್ಲದ ಊರಿನಲ್ಲಿ ಹೀಗೆ ಒಬ್ಬ ಭೂಗರ್ಭಶಾಸ್ತ್ರಜ್ಞನು ತಯಾರಾದನು.

1840ರಲ್ಲಿ ಡಾಸನ್ನರು ಎಡಿನ್‌ಬರೊ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ಪ್ರಖ್ಯಾತರಾದ ಜೇಮ್‌ಸನ್ನರ ಉಪನ್ಯಾಸಗಳನ್ನು ಕೇಳಿದರು. ಆದರೆ ಒಂದು ವರ್ಷ ಕಳೆಯುವುದರೊಳಗೆ ಹಣದ ಮುಗ್ಗಟ್ಟಿನಿಂದ ಊರಿಗೆ ಹಿಂದಿರುಗಬೇಕಾಯಿತು. ಆಗಲೇ ಅವರ ಜೀವನದ ದಿಕ್ಕನ್ನು ತಿರುಗಿಸಿದ ಭೇಟಿಯೊಂದು ನಡೆಯಿತು. ಭೂಗರ್ಭಶಾಸ್ತ್ರವನ್ನು ಆ ಶತಮಾನದಲ್ಲಿ ಹೊಸದಾಗಿ ಕಟ್ಟಿದವರಲ್ಲಿ ಅಗ್ರಗಣ್ಯರಾದ ಚಾರ್ಲ್ಸ್ ಲಯೆಲ್ಲರು 1842ರಲ್ಲಿ ಅಮೆರಿಕ ಖಂಡವನ್ನು ಸಂಚರಿಸುತ್ತ ನೋವಾ ಸ್ಕೋಷಿಯಾಕ್ಕೆ ಬಂದರು. ಕಲ್ಲಿದ್ದಲಿನ ಸ್ತರಗಳನ್ನು ತೋರಿಸಿಕೊಡಲು ಇಪ್ಪತ್ತೊಂದು ವರ್ಷದ ಡಾಸನ್ ಅವರಿಗೆ ಜತೆಯಾದರು. ಗುರುವಿಗೆ ಶಿಷ್ಯನೂ ಶಿಷ್ಯನಿಗೆ ಗುರುವೂ ಸಿಕ್ಕಿದರು. ಅಂದು ಬೆಳೆದ ಸ್ನೇಹ ಲಯೆಲ್ಲರ ಮರಣದವರೆಗೂ ನಿಂತಿತು.

ಇದೇ ಸ್ನೇಹದ ಅತ್ಯುತ್ತಮ ಫಲವನ್ನು ಜಾಗಿನ್ಸ್ ಎಂಬ ಸ್ಥಳದಲ್ಲಿ ಕಾಣಬಹುದು. ಫಂಡಿ ಕೊಲ್ಲಿಯ ದಡದಲ್ಲಿ ಮೈಲಿಗಟ್ಟಲೆ ಹಬ್ಬಿರುವ ಕಡಿದಾದ ಬಂಡೆಗೋಡೆ ಅದು. ಆ ಕೊಲ್ಲಿಯ ಉಬ್ಬರವಿಳಿತ ಲೋಕದಲ್ಲೆಲ್ಲ ಅತ್ಯಂತ ದೊಡ್ಡದೆಂದು ಹೆಸರಾದುದು. ಸಮುದ್ರವು ದಿನಕ್ಕೆ ಎರಡು ಬಾರಿ ಬಂದು ಬಂಡೆಯನ್ನು ಕೊರೆದು, ಹೊಸ ಹೊಸ ಪುಟಗಳನ್ನು ತೆರೆದು ಹೋಗುತ್ತದೆ. ಅಲ್ಲಿ ಕಲ್ಲಾಗಿಹೋದ ಮರಗಳ ಬೊಡ್ಡೆಗಳು ನಿಂತಂತೆಯೇ ನಿಂತಿವೆ. ಒಂದು ಕಾಡು ಬೆಳೆದು, ನೀರಿನಲ್ಲಿ ಮುಳುಗಿ, ಹೂಳಿನಿಂದ ಮುಚ್ಚಿಹೋಯಿತು. ಅದರ ಮೇಲೆ ಮತ್ತೊಂದು ಕಾಡು. ಅದರ ಮೇಲೆ ಇನ್ನೊಂದು. 1,400 ಅಡಿ ದಪ್ಪದ ಸ್ತರಗಳಲ್ಲಿ 68 ಬೇರೆ ಬೇರೆ ಮಟ್ಟಗಳಲ್ಲಿ ಬೇರುಗಳುಳ್ಳ ಮಣ್ಣಿನ ಪದರಗಳನ್ನು ಲಯೆಲ್ ಮತ್ತು ಡಾಸನ್ ಎಣಿಸಿದರು. 1859ರಲ್ಲಿ ಡಾರ್ವಿನ್ನರು ತಮ್ಮ ಮಹಾಗ್ರಂಥವನ್ನು ಪ್ರಕಟಿಸಿದಾಗ, ಭೂಮಿಯ ದಾಖಲೆ ಎಷ್ಟು ಎಡೆಬಿಟ್ಟುದು ಎಂಬುದನ್ನು ವಿವರಿಸುವ ಅಧ್ಯಾಯದಲ್ಲಿ ಈ ಎಣಿಕೆಯನ್ನೇ ಇವರಿಬ್ಬರ ಹೆಸರಿನೊಡನೆ ಉದಾಹರಿಸಿದರು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಸಕ್ತಿ ಬರುತ್ತದೆ.

1852ರಲ್ಲಿ ಇಬ್ಬರೂ ಮತ್ತೆ ಜಾಗಿನ್ಸಿಗೆ ಹೋದರು. ಟೊಳ್ಳಾದ ಒಂದು ಮರದ ಬೊಡ್ಡೆಯನ್ನು ಒಡೆದು ನೋಡಿದಾಗ ಅದರೊಳಗೆ ಸಣ್ಣ ಸಣ್ಣ ಮೂಳೆಗಳು ಕಂಡವು. ಜತೆಗೆ ನೆಲದ ಮೇಲೆ ಬಾಳಿದ ಒಂದು ಬಸವನಹುಳುವಿನ ಚಿಪ್ಪೂ ದೊರೆಯಿತು. ಕಲ್ಲಿದ್ದಲಿನ ಯುಗದ ಕಾಡುಗಳಲ್ಲಿ ನೆಲದ ಮೇಲೆ ನಡೆದಾಡಿದ ಪ್ರಾಣಿಗಳ ಅಸ್ಥಿಗಳು ಇಷ್ಟು ಸ್ಪಷ್ಟವಾಗಿ ಹಿಂದೆ ದೊರೆತದ್ದು ಅಪರೂಪ. ಡಾಸನ್ನರು ಅಲ್ಲಿಗೇ ಬಿಡದೆ ವರ್ಷಗಳ ಕಾಲ ಬೊಡ್ಡೆಯ ಮೇಲೆ ಬೊಡ್ಡೆಯನ್ನು ಶೋಧಿಸಿದರು. ಹಲ್ಲಿಯಷ್ಟೇ ಗಾತ್ರದ ಒಂದು ಪ್ರಾಣಿಗೆ 1860ರಲ್ಲಿ ತಮ್ಮ ಗುರುವಿನ ನೆನಪಿಗಾಗಿ ಹೈಲೊನೋಮಸ್ ಲಯೆಲ್ಲಿ ಎಂದು ಹೆಸರಿಟ್ಟರು. ಸುಮಾರು 31 ಕೋಟಿ ವರ್ಷಗಳ ಹಿಂದಿನ ಆ ಪ್ರಾಣಿ, ಅಸ್ಥಿಗಳು ದೊರೆತಿರುವ ಸರೀಸೃಪಗಳಲ್ಲೆಲ್ಲ ಅತಿ ಪ್ರಾಚೀನವಾದವುಗಳ ಸಾಲಿಗೆ ಸೇರಿದೆ. ಜಾಗಿನ್ಸಿನ ಬಂಡೆಗೋಡೆಯನ್ನು 2008ರಲ್ಲಿ ವಿಶ್ವಪರಂಪರೆಯ ಸ್ಥಾನಗಳ ಪಟ್ಟಿಗೆ ಸೇರಿಸಲಾಯಿತು.

ಇಷ್ಟು ಕೆಲಸ ಮಾಡಿದವರಿಗೆ ಆಗ ಯಾವ ಕಾಲೇಜಿನಲ್ಲಿಯೂ ಸ್ಥಾನವಿರಲಿಲ್ಲ. ಅವರ ಉದ್ಯೋಗ ಬೇರೆಯೇ ಆಗಿತ್ತು. 1850ರಲ್ಲಿ ಅವರನ್ನು ನೋವಾ ಸ್ಕೋಷಿಯಾದ ವಿದ್ಯಾಭ್ಯಾಸದ ಸೂಪರಿಂಟೆಂಡೆಂಟರನ್ನಾಗಿ ನೇಮಿಸಿದ್ದರು. ಊರಿಂದ ಊರಿಗೆ ಹೋಗುವುದು, ಸೋರುವ ಶಾಲೆಗಳನ್ನು ನೋಡುವುದು, ಉಪಾಧ್ಯಾಯರ ಕಷ್ಟಸುಖಗಳನ್ನು ವಿಚಾರಿಸುವುದು, ಶಾಲೆಗಾಗಿ ತೆರಿಗೆ ಕೊಡಲೊಲ್ಲದ ಜನರಿಗೆ ಬುದ್ಧಿ ಹೇಳುವುದು: ಇದು ಅವರ ಕೆಲಸ. ದಾರಿಯಲ್ಲಿ ಸಿಕ್ಕಿದ ಬಂಡೆಗಳನ್ನೂ ಪರೀಕ್ಷಿಸುತ್ತಿದ್ದರು. ಪ್ರಾಂತದ ಶಾಲೆಗಳ ಪರಿಚಯವೂ ಅದರ ಶಿಲೆಗಳ ಪರಿಚಯವೂ ಒಂದೇ ಪ್ರಯಾಣದಲ್ಲಿ ಆಯಿತು. ಹೀಗೆ ಸಂಗ್ರಹವಾದ ತಿಳಿವಳಿಕೆಯಿಂದ 1855ರಲ್ಲಿ ಅವರು ಆ ಪ್ರದೇಶದ ಭೂಗರ್ಭವನ್ನು ಕುರಿತ ಪ್ರಸಿದ್ಧ ಗ್ರಂಥವನ್ನು ಹೊರತಂದರು.

ಆ ವರ್ಷವೇ ವಿಧಿ ಒಂದು ವಿನೋದವನ್ನಾಡಿತು. ಎಡಿನ್‌ಬರೊದಲ್ಲಿ ಪ್ರಕೃತಿಶಾಸ್ತ್ರದ ಪ್ರೊಫೆಸರ್ ಪದವಿ ತೆರವಾಗಿತ್ತು. ಡಾಸನ್ನರ ಮನಸ್ಸೆಲ್ಲ ಅದರ ಮೇಲಿತ್ತು. ಅದಕ್ಕಾಗಿ ಹಡಗು ಹತ್ತಲು ಸಿದ್ಧರಾಗಿರುವಾಗ, ಆ ಸ್ಥಾನಕ್ಕೆ ಬೇರೊಬ್ಬರು ನೇಮಕವಾದರೆಂಬ ಸುದ್ದಿ ಬಂದಿತು. ಅದರ ಬೆನ್ನಿಗೇ ತಾವು ಕೇಳದೆ ಇದ್ದ ಇನ್ನೊಂದು ಕರೆ ಬಂದಿತು: ಮಾಂಟ್ರಿಯಲ್ ನಗರದ ಮೆಕ್‌ಗಿಲ್ ಕಾಲೇಜಿನ ಪ್ರಿನ್ಸಿಪಾಲ್ ಪದವಿಯನ್ನು ಒಪ್ಪಿಕೊಳ್ಳುವಿರಾ ಎಂದು. ಡಾಸನ್ನರನ್ನು ಹಿಂದೆಯೇ ಲಯೆಲ್ಲರ ಮೂಲಕ ಅರಿತಿದ್ದ ಸರ್ ಎಡ್ಮಂಡ್ ಹೆಡ್ ಎಂಬ ರಾಜ್ಯಪಾಲರು ಅವರ ಹೆಸರನ್ನು ಸೂಚಿಸಿದ್ದರು. ಆ ದೇಶದಲ್ಲಿ ಪ್ರಿನ್ಸಿಪಾಲ್ ಎಂದರೆ ಒಂದು ಕಾಲೇಜಿಗೆ ಮಾತ್ರವಲ್ಲ, ಇಡೀ ವಿಶ್ವವಿದ್ಯಾನಿಲಯಕ್ಕೇ ಮುಖ್ಯಾಧಿಕಾರಿ ಎಂದು ತಿಳಿಯಬೇಕು. ಬಯಸಿದ್ದು ಸಂಶೋಧಕನ ಪೀಠ. ಬಂದದ್ದು ಆಡಳಿತದ ಹೊರೆ. ಡಾಸನ್ನರು ಹೊರೆಯನ್ನು ಹೊತ್ತರು.

ಅವರು ಹೊತ್ತ ಹೊರೆ ಎಂಥದು? ತುಪ್ಪುಳಿನ ವ್ಯಾಪಾರದಿಂದ ಶ್ರೀಮಂತರಾದ ಜೇಮ್ಸ್ ಮೆಕ್‌ಗಿಲ್ ಎಂಬುವರು 1813ರಲ್ಲಿ ಕಾಲವಾದಾಗ, ಒಂದು ಕಾಲೇಜಿನ ಸ್ಥಾಪನೆಗೆಂದು 10,000 ಪೌಂಡುಗಳನ್ನೂ 46 ಎಕರೆ ನೆಲವನ್ನೂ ಬಿಟ್ಟುಹೋದರು. 1821ರಲ್ಲಿ ರಾಜಶಾಸನವೂ ದೊರೆಯಿತು. ಆದರೆ ವ್ಯಾಜ್ಯಗಳಲ್ಲಿಯೂ ಜಗಳಗಳಲ್ಲಿಯೂ ವರ್ಷಗಳು ಕಳೆದುಹೋದವು. ವೈದ್ಯಶಾಖೆ ಒಂದನ್ನುಳಿದು ಮಿಕ್ಕದ್ದಕ್ಕೆ ಜೀವವೇ ಬಂದಿರಲಿಲ್ಲವೆನ್ನಬೇಕು. 1855ರ ಶರತ್ಕಾಲದಲ್ಲಿ ಡಾಸನ್ನರು ಬಂದು ನೋಡಿದಾಗ ಕಂಡದ್ದು ಮುಗಿಯದೆ ನಿಂತು ಶಿಥಿಲವಾಗುತ್ತಿದ್ದ ಎರಡು ಕಟ್ಟಡಗಳು, ಸುತ್ತಲೂ ಕಲ್ಲುಮಣ್ಣಿನ ರಾಶಿ, ಪೊದೆಗಳು, ಬೇಲಿಯಿಲ್ಲದ ಬಯಲು, ಅದರಲ್ಲಿ ಮೇಯುವ ದನಗಳು. ಊರಿನಿಂದ ಅಲ್ಲಿಗೆ ಸರಿಯಾದ ದಾರಿಯೂ ಇರಲಿಲ್ಲ. ಪ್ರಿನ್ಸಿಪಾಲರ ವಾಸಕ್ಕೆಂದು ಕೊಟ್ಟ ಕೊಠಡಿಗಳೂ ಆ ಅರೆಕಟ್ಟಡದಲ್ಲಿಯೇ ಇದ್ದವು. ಸ್ಕಾಟ್ಲೆಂಡಿನಿಂದ ಕೈಹಿಡಿದು ಬಂದ ಪತ್ನಿ ಮಾರ್ಗರೆಟ್ ಮರ್ಸರ್ ಮತ್ತು ಸಣ್ಣ ಮಕ್ಕಳೊಡನೆ ಡಾಸನ್ನರು ಅಲ್ಲಿಯೇ ಸಂಸಾರ ಹೂಡಿದರು.

ಮೊದಲು ಅವರು ಮಾಡಿದ ಕೆಲಸ ಗಿಡ ನೆಡುವುದು. ಬಯಲನ್ನು ಸಮಮಾಡಿಸಿ, ದಾರಿ ಹಾಕಿಸಿ, ತಮ್ಮ ಸ್ವಂತ ಹಣದಿಂದಲೇ ಸಾಲುಮರಗಳನ್ನು ನೆಡಿಸಿದರು. ಹೊಣೆ ವಹಿಸಿದ ಮರುವರ್ಷವೇ, 1856ರಲ್ಲಿ, ತರಗತಿಗಳು ನಡೆಯುತ್ತಿದ್ದ ಬರ್ನ್‌ಸೈಡ್ ಹಾಲ್ ಎಂಬ ಕಟ್ಟಡ ಬೆಂಕಿಗೆ ಆಹುತಿಯಾಯಿತು. ಮತ್ತೊಬ್ಬರಾಗಿದ್ದರೆ ಗಂಟುಮೂಟೆ ಕಟ್ಟುತ್ತಿದ್ದರೋ ಏನೋ. ಡಾಸನ್ನರು ಮಾಂಟ್ರಿಯಲ್ಲಿನ ವರ್ತಕರ ಮನೆಬಾಗಿಲಿಗೆ ಹೊರಟರು. ಬೀರ್ ತಯಾರಿಕೆಯಿಂದ ಹಣವಂತರಾದ ಮೋಲ್ಸನ್ ಮನೆತನದವರು ಇಂಗ್ಲಿಷ್ ಸಾಹಿತ್ಯದ ಪೀಠಕ್ಕೆ ಹಣ ಕೊಟ್ಟರು. ಆಮೇಲೆ ಆ ಮನೆತನದ ವಿಲಿಯಂ ಮೋಲ್ಸನ್ನರು ಸಭಾಭವನವನ್ನೂ ಕಟ್ಟಿಸಿಕೊಟ್ಟರು. ಸಕ್ಕರೆಯ ಉದ್ಯಮದ ಪೀಟರ್ ರೆಡ್‌ಪಾತ್ ಪ್ರಾಚ್ಯವಸ್ತುಗಳಿಗೂ ಪ್ರಕೃತಿಶಾಸ್ತ್ರಕ್ಕೂ ಒಂದು ಭವ್ಯವಾದ ಸಂಗ್ರಹಾಲಯವನ್ನು ಕಟ್ಟಿಸಿದರು; ಅದು 1882ರಲ್ಲಿ ತೆರೆಯಿತು. ತಂಬಾಕಿನ ವ್ಯಾಪಾರದಿಂದ ಕೋಟ್ಯಧೀಶರಾಗಿಯೂ ತಂಬಾಕನ್ನು ಕಂಡರಾಗದ ವಿಲಿಯಂ ಮೆಕ್‌ಡೊನಾಲ್ಡರು ಭೌತವಿಜ್ಞಾನ ಮತ್ತು ಇಂಜಿನಿಯರಿಂಗ್ ಶಾಲೆಗಳಿಗೆ ಧಾರಾಳವಾಗಿ ಕೊಟ್ಟರು. ಸರ್ಕಾರದಿಂದ ಬರುತ್ತಿದ್ದುದು ಅಲ್ಪ; ಊರಿನಿಂದ ಬಂದದ್ದು ಅಧಿಕ. ಮದ್ಯಪಾನವನ್ನು ವಿರೋಧಿಸುತ್ತಿದ್ದ ಈ ಕಟ್ಟುನಿಟ್ಟಿನ ಪ್ರೆಸ್ಬಿಟೇರಿಯನ್ನರು ಬೀರಿನಿಂದಲೂ ತಂಬಾಕಿನಿಂದಲೂ ಬಂದ ಹಣವನ್ನು ವಿದ್ಯೆಯ ಬೊಕ್ಕಸಕ್ಕೆ ತಿರುಗಿಸಿದರೆಂಬುದು ನೆನೆದರೆ ನಗೆ ತರುವ ಸಂಗತಿ.

ಹಣ ತರುವುದರಲ್ಲಿಯೇ ಅವರ ಹೊತ್ತು ಮುಗಿಯಲಿಲ್ಲ. ಉಪಾಧ್ಯಾಯರ ತರಬೇತಿಗಾಗಿ 1857ರಲ್ಲಿ ಒಂದು ನಾರ್ಮಲ್ ಶಾಲೆಯನ್ನು ತೆರೆದು, 1870ರವರೆಗೆ ಅದಕ್ಕೂ ತಾವೇ ಪ್ರಿನ್ಸಿಪಾಲರಾಗಿದ್ದರು. ಹಳ್ಳಿಯ ಶಾಲೆಗಳನ್ನು ಸುತ್ತಿ ಬಂದವರಿಗೆ, ಕೆಳಗೆ ಉಪಾಧ್ಯಾಯರಿಲ್ಲದೆ ಮೇಲೆ ವಿಶ್ವವಿದ್ಯಾನಿಲಯವಿಲ್ಲವೆಂಬುದು ಚೆನ್ನಾಗಿ ಗೊತ್ತಿತ್ತು. ರಸಾಯನ, ಕೃಷಿ, ಪ್ರಕೃತಿಶಾಸ್ತ್ರ ಇವುಗಳ ಪಾಠಗಳನ್ನು ತಾವೇ ಹೇಳುತ್ತಿದ್ದರು. ವ್ಯಾವಹಾರಿಕ ವಿಜ್ಞಾನಕ್ಕೆ ಮೊದಲು ಒಂದು ವಿಭಾಗವಾಗಿ, 1878ರಲ್ಲಿ ಪೂರ್ಣ ಶಾಖೆಯಾಗಿ ಏರ್ಪಾಡಾಯಿತು. ಅದೇ ವರ್ಷ ಪ್ರಿನ್ಸ್‌ಟನ್ನಿನಿಂದ ಅವರಿಗೆ ಕರೆ ಬಂದಿತು, ಹೋಗಲಿಲ್ಲ. 1882ರಲ್ಲಿ ಕೆನಡದ ರಾಯಲ್ ಸೊಸೈಟಿ ಸ್ಥಾಪಿತವಾದಾಗ ಅದರ ಪ್ರಥಮಾಧ್ಯಕ್ಷರಾದರು. ಅಮೆರಿಕದ ವಿಜ್ಞಾನಪ್ರಗತಿ ಸಂಘಕ್ಕೆ 1882ರಲ್ಲಿಯೂ ಬ್ರಿಟಿಷ್ ವಿಜ್ಞಾನಪ್ರಗತಿ ಸಂಘಕ್ಕೆ 1886ರಲ್ಲಿಯೂ ಅಧ್ಯಕ್ಷರಾದರು. 1884ರಲ್ಲಿ ಸರ್ ಪದವಿ ಬಂದಿತು.

ಇಲ್ಲಿಗೇ ನಿಲ್ಲಿಸಿದರೆ ಇದು ಒಂದು ಮಂಗಳಕರವಾದ ಕಥೆ. ಮಾಲೆ ಹಾಕಿ, ಭಾವಚಿತ್ರವನ್ನು ಗೋಡೆಗೆ ತೂಗುಹಾಕಿ, ಮನೆಗೆ ಹೋಗಬಹುದು. ಆದರೆ ನಮ್ಮ ಮೊದಲಿನ ಪ್ರಶ್ನೆಗೆ ಉತ್ತರ ಸಿಕ್ಕಲಿಲ್ಲ. ಅದಕ್ಕಾಗಿ ಇವರ ವಿದ್ವತ್ತಿನ ಕಡೆಗೆ ಮತ್ತೊಮ್ಮೆ ತಿರುಗಬೇಕು. ಅಲ್ಲಿ ಎರಡು ಶಿಲೆಗಳ ಕಥೆ ಇದೆ.

ಮೊದಲನೆಯದು ಗ್ಯಾಸ್ಪೆ ಎಂಬ ಕಡಲಂಚಿನ ಶಿಲೆ. ಕಲ್ಲಿದ್ದಲಿನ ಯುಗಕ್ಕಿಂತಲೂ ಹಿಂದಿನದಾದ, ಸುಮಾರು 40 ಕೋಟಿ ವರ್ಷಗಳಷ್ಟು ಹಳೆಯದಾದ ಆ ಸ್ತರದಲ್ಲಿ ಡಾಸನ್ನರು ಒಂದು ವಿಚಿತ್ರವಾದ ಗಿಡವನ್ನು ಕಂಡು, 1859ರಲ್ಲಿ ಅದನ್ನು ಸೈಲೊಫೈಟನ್ ಎಂಬ ಹೆಸರಿನಿಂದ ವರ್ಣಿಸಿದರು. ಅದಕ್ಕೆ ನಿಜವಾದ ಎಲೆಯಿಲ್ಲ, ಹೂವಿಲ್ಲ. ಎರಡೆರಡಾಗಿ ಕವಲೊಡೆಯುವ ಬರಿಯ ಕಾಂಡ. ಕವಲಿನ ತುದಿಯಲ್ಲಿ ಬೀಜಕಗಳ ಚೀಲ. ಇಂಥ ಬೋಳು ಸಸ್ಯವೂ ಉಂಟೆ ಎಂದು ಪಂಡಿತರು ತಲೆಯಲ್ಲಾಡಿಸಿದರು. 1870ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಬೇಕೇರಿಯನ್ ಉಪನ್ಯಾಸದಲ್ಲಿ ಅವರು ತಮ್ಮ ಪ್ರಾಚೀನ ಸಸ್ಯಗಳ ವಿಷಯವನ್ನು ಮಂಡಿಸಿದರು. ಆ ಸಂಸ್ಥೆ ಪ್ರಬಂಧವನ್ನು ಪೂರ್ಣವಾಗಿ ಅಚ್ಚುಹಾಕಿಸಲು ಒಪ್ಪಲಿಲ್ಲ. ಅವರು ತೀರಿಹೋಗಿ ಹದಿನೆಂಟು ವರ್ಷಗಳಾದ ಮೇಲೆ, 1917ರಿಂದ ಮುಂದಕ್ಕೆ, ಸ್ಕಾಟ್ಲೆಂಡಿನ ರೈನಿ ಎಂಬ ಹಳ್ಳಿಯ ಕಲ್ಲುಗಳಲ್ಲಿ ಅಂಥವೇ ಬೋಳು ಸಸ್ಯಗಳನ್ನು ಕಿಡ್‌ಸ್ಟನ್ ಮತ್ತು ಲ್ಯಾಂಗ್ ಎಂಬ ವಿದ್ವಾಂಸರು ಕಣಕಣವಾಗಿ ಪರೀಕ್ಷಿಸಿ ವರ್ಣಿಸಿದರು. ನೆಲವನ್ನೇರಿದ ಸಸ್ಯಕುಲದ ಆದಿಪೀಠಿಕೆಯನ್ನು ಡಾಸನ್ನರು ಬಹು ಮುಂಚೆಯೇ ಓದಿದ್ದರೆಂದು ಆಗ ಲೋಕ ಒಪ್ಪಿತು. ಅವರು ಬರೆದ ಚಿತ್ರದಲ್ಲಿ ಒಂದಕ್ಕಿಂತ ಹೆಚ್ಚು ಗಿಡಗಳ ಭಾಗಗಳು ಕಲೆತಿದ್ದುವೆಂಬುದು ಅನಂತರ ತಿಳಿಯಿತು. ಆದರೂ ಮುಖ್ಯವಾದ ಮಾತು ನಿಜವಾಗಿತ್ತು.

ಎರಡನೆಯದು ಲಾರೆನ್ಷಿಯನ್ ಶಿಲೆ. ಕೆನಡದ ತಳಪಾಯದಂತಿರುವ ಈ ಶಿಲೆಗಳು ಭೂಗರ್ಭದ ಬೇಗೆಯಲ್ಲಿ ಬೆಂದು, ಹಿಂಡಿ, ರೂಪಾಂತರವನ್ನು ಹೊಂದಿದವು. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡನ ಗೋಪುರವನ್ನು ಹೊತ್ತಿರುವ ಬಂಡೆಯ ಮೇಲೆ ಸಂಜೆ ಕುಳಿತವರಿಗೆ ಇಂಥ ಕಲ್ಲಿನ ಜಾತಿಯ ಪರಿಚಯವಿದೆ; ನಮ್ಮದು 300 ಕೋಟಿ ವರ್ಷಗಳಷ್ಟು ಹಳೆಯದು, ಇನ್ನೂ ಹಿರಿಯದು. ಅಂಥ ಬೆಂದ ಶಿಲೆಯಲ್ಲಿ ಜೀವದ ಗುರುತು ಉಳಿದಿರುವುದು ದುರ್ಲಭ. ಆದರೆ ಕೆನಡದ ಭೂಗರ್ಭ ಸಮೀಕ್ಷೆಯ ಸರ್ ವಿಲಿಯಂ ಲೋಗನ್ನರಿಗೆ ಅದರಲ್ಲಿ ಹಸಿರು ಬಿಳುಪು ಪಟ್ಟೆಗಳು ಒಂದರ ಮೇಲೊಂದು ಜೋಡಿಸಿದಂತಿರುವ ತುಂಡುಗಳು ದೊರೆತವು. ಅವನ್ನು 1864ರಲ್ಲಿ ಡಾಸನ್ನರು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಸಮುದ್ರದ ಒಂದು ಸೂಕ್ಷ್ಮಪ್ರಾಣಿವರ್ಗಕ್ಕೆ ಸೇರಿದ ದೈತ್ಯಾಕಾರದ ಜೀವಿಯ ಅವಶೇಷವೆಂದು ತೀರ್ಮಾನಿಸಿ, ಈಯೋಜೋನ್ ಕೆನಡೆನ್ಸ್, ಎಂದರೆ ಕೆನಡದ ಉಷಃಕಾಲದ ಪ್ರಾಣಿ, ಎಂದು ನಾಮಕರಣ ಮಾಡಿದರು. ಲೋಕ ಬೆರಗಾಯಿತು. ಡಾರ್ವಿನ್ನರೂ 1866ರ ಆವೃತ್ತಿಯಲ್ಲಿ ಇದನ್ನು ಸೇರಿಸಿಕೊಂಡರು. ಡಾಸನ್ನರು ವಿಕಾಸವಾದದ ಪ್ರಬಲ ವಿರೋಧಿಗಳು. ಸೃಷ್ಟಿಯು ದೈವಸಂಕಲ್ಪದಿಂದ ಹಂತಹಂತವಾಗಿ ನಡೆಯಿತೆಂದು ನಂಬಿದವರು. ಬೈಬಲ್ಲಿನ ಸೃಷ್ಟಿಯ ದಿನಗಳನ್ನು ದೀರ್ಘಯುಗಗಳೆಂದು ಅರ್ಥಮಾಡಿ ಶಾಸ್ತ್ರಕ್ಕೂ ಧರ್ಮಗ್ರಂಥಕ್ಕೂ ಸಂಧಿ ಮಾಡಿಸಲು ಶ್ರಮಪಟ್ಟವರು. ಉಷಃಕಾಲದ ಈ ಪ್ರಾಣಿಗೂ ಆಮೇಲಿನ ಪ್ರಾಣಿಗಳಿಗೂ ನಡುವೆ ಕೊಂಡಿಯೇ ಇಲ್ಲವಲ್ಲ ಎಂದು ಅವರು ಡಾರ್ವಿನ್ನರ ಮೇಲೆ ಅದನ್ನೇ ಅಸ್ತ್ರವಾಗಿ ಹಿಡಿದರು. ಜಾಗಿನ್ಸಿನಲ್ಲಿ ಇವರ ಎಣಿಕೆಯನ್ನು ಅವರು ಬಳಸಿಕೊಂಡಿದ್ದರು. ಈಗ ಒಂದೇ ಕಲ್ಲನ್ನು ಇಬ್ಬರೂ ಎರಡು ಕಡೆಗೆ ಎಳೆದರು.

ಅದು ಪ್ರಾಣಿಯಾಗಿರಲೇ ಇಲ್ಲ. ಐರ್ಲೆಂಡಿನ ಗಾಲ್ವೆಯಲ್ಲಿ ಅಧ್ಯಾಪಕರಾಗಿದ್ದ ಕಿಂಗ್ ಮತ್ತು ರೌನಿ ಎಂಬುವರು 1866ರಲ್ಲಿಯೇ, ಇದು ಖನಿಜಗಳ ಜೋಡಣೆಯಷ್ಟೆ ಎಂದು ಸಾರಿದರು. ಮೂವತ್ತು ವರ್ಷಗಳ ಕಾಲ ಈ ಜಗಳ ನಡೆಯಿತು. 1894ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಉಗುಳಿದ ಸುಣ್ಣಕಲ್ಲಿನ ತುಂಡುಗಳಲ್ಲಿ ಅಂಥವೇ ಪಟ್ಟೆಗಳು ಕಂಡವು. ಬೆಂಕಿಯ ಬಾಯಿಂದ ಬಂದ ಕಲ್ಲಿನಲ್ಲಿ ಸಮುದ್ರಜೀವಿ ಎಲ್ಲಿಯದು? ವಿವಾದ ಅಲ್ಲಿಗೆ ಮುಗಿದಂತಾಯಿತು. ಡಾಸನ್ನರು ಮಾತ್ರ ಒಪ್ಪಲಿಲ್ಲ. ತಮ್ಮ ಎಪ್ಪತ್ತೇಳನೆಯ ವಯಸ್ಸಿನಲ್ಲಿ ಪ್ರಕಟಿಸಿದ ಪುಸ್ತಕದಲ್ಲಿಯೂ ತಮ್ಮ ಉಷಃಕಾಲದ ಪ್ರಾಣಿಯ ಪರವಾಗಿಯೇ ವಾದಿಸಿದರು. ಆ ಅತಿಪ್ರಾಚೀನ ಕಾಲದಲ್ಲಿ ಜೀವವಿತ್ತೆಂಬ ಅವರ ಊಹೆ ಇಂದು ಬೇರೆ ಸಾಕ್ಷ್ಯಗಳಿಂದ ಸ್ಥಿರಪಟ್ಟಿದೆ; 340 ಕೋಟಿ ವರ್ಷಗಳಿಗೂ ಹಿಂದಿನ ಶಿಲೆಗಳಲ್ಲಿ ಸೂಕ್ಷ್ಮಜೀವಿಗಳ ಕುರುಹುಗಳಿವೆ. ಊಹೆ ನಿಜವಾಗಿತ್ತು, ಅವರು ಕರೆತಂದ ಸಾಕ್ಷಿ ಸುಳ್ಳು.

ಒಬ್ಬನೇ ಮನುಷ್ಯನು ಲೋಕವೆಲ್ಲ ಅಲ್ಲಗಳೆದ ಕಡೆ ಸರಿಯಾಗಿದ್ದನು, ಲೋಕವು ಮೆಚ್ಚಿದ ಕಡೆ ತಪ್ಪಿದನು. ಇದಕ್ಕೆ ಆಡಳಿತದ ಹೊರೆಯೇ ಕಾರಣವೆಂದು ಕೆಲವರು ಹೇಳಬಹುದು. ಹಗಲೆಲ್ಲ ಲೆಕ್ಕಪತ್ರ, ರಾತ್ರಿ ಸೂಕ್ಷ್ಮದರ್ಶಕ ಎಂದಾದರೆ ಕಣ್ಣು ದಣಿಯುವುದು ಸಹಜ. ನನಗೆ ಅಷ್ಟೇ ಎಂದು ತೋರುವುದಿಲ್ಲ. ಮೂವತ್ತೆಂಟು ವರ್ಷ ಯಜಮಾನಿಕೆ ಮಾಡಿದವನಿಗೆ 'ನಾನು ತಪ್ಪಿದೆ' ಎಂಬ ಮಾತಿನ ಅಭ್ಯಾಸ ತಪ್ಪಿಹೋಗುವುದುಂಟು.

ಇದಕ್ಕೆ ಕಾಲೇಜಿನ ಒಳಗಿನಿಂದಲೇ ಒಂದು ನಿದರ್ಶನವುಂಟು. ಹೆಂಗಸರಿಗೆ ಉಚ್ಚ ವಿದ್ಯಾಭ್ಯಾಸ ಬೇಕೆಂದು ಡಾಸನ್ನರು ಬಹುಕಾಲದಿಂದ ಹೇಳುತ್ತಿದ್ದರು. 1871ರಲ್ಲಿ ಅವರ ನೆರವಿನಿಂದಲೇ ಮಾಂಟ್ರಿಯಲ್ಲಿನಲ್ಲಿ ಮಹಿಳೆಯರ ವಿದ್ಯಾಭ್ಯಾಸ ಸಂಘ ಏರ್ಪಟ್ಟಿತ್ತು. 1884ರಲ್ಲಿ ರೈಲ್ವೆಯ ಧನಿಕರಾದ ಡೊನಾಲ್ಡ್ ಸ್ಮಿತ್ 50,000 ಡಾಲರುಗಳನ್ನು ಕೊಡಲಾಗಿ ಹೆಂಗಸರು ಮೆಕ್‌ಗಿಲ್ ಪ್ರವೇಶಿಸಿದರು. ದಾನಿಯ ಹೆಸರಿನಿಂದ ಅವರಿಗೆ 'ಡೊನಾಲ್ಡಾ'ಗಳೆಂದೇ ಹೆಸರಾಯಿತು. 1888ರಲ್ಲಿ ಮೊದಲ ತಂಡದ ಎಂಟು ಮಂದಿ ಪದವೀಧರೆಯರಾದರು. ಆದರೆ ಹೆಂಗಸರ ತರಗತಿಗಳು ಗಂಡಸರವುಗಳಿಂದ ಬೇರೆಯಾಗಿಯೇ ನಡೆಯತಕ್ಕದ್ದೆಂದು ಡಾಸನ್ನರ ಹಟ. ತತ್ತ್ವಶಾಸ್ತ್ರದ ಪ್ರೊಫೆಸರ್ ಜಾನ್ ಕ್ಲಾರ್ಕ್ ಮರ್ರೆಯವರು, ಇಬ್ಬರೂ ಒಂದೇ ಕೊಠಡಿಯಲ್ಲಿ ಓದಬೇಕೆಂದು ಬಹಿರಂಗವಾಗಿಯೇ ಹೇಳಿದರು. ಜಗಳ ಬೆಳೆದು ಆಡಳಿತಮಂಡಲಿಯವರೆಗೆ ಹೋಯಿತು. ಮಂಡಲಿ ಪ್ರಿನ್ಸಿಪಾಲರ ಕಡೆಗೆ ನಿಂತಿತು. ಗೆದ್ದವರು ಡಾಸನ್, ಕಾಲ ಒಪ್ಪಿದ್ದು ಮರ್ರೆಯವರ ಮಾತನ್ನು. ಆದರೆ ಗಮನಿಸಬೇಕಾದುದು ಇನ್ನೊಂದು: ಮರ್ರೆಯವರು ತಮ್ಮ ಪೀಠವನ್ನು ಬಿಡಬೇಕಾಗಲಿಲ್ಲ. 1903ರವರೆಗೂ, ಡಾಸನ್ನರು ನಿವೃತ್ತರಾಗಿ ಕಾಲವಾದ ಮೇಲೂ, ಅಲ್ಲಿಯೇ ಪಾಠ ಹೇಳಿದರು.

ಆರೋಗ್ಯ ಕೆಟ್ಟು 1893ರಲ್ಲಿ ಡಾಸನ್ನರು ಅಧಿಕಾರದಿಂದ ಇಳಿದರು. 1899ನೆಯ ಇಸವಿ ನವೆಂಬರ್ 19ರಂದು ತೀರಿಕೊಂಡರು. ಅವರ ಮಗ ಜಾರ್ಜ್, ಬಾಲ್ಯದಲ್ಲಿ ಬೆನ್ನೆಲುಬಿನ ಕ್ಷಯದಿಂದ ಗೂನಾಗಿ ಕುಳ್ಳಾಗಿ ಉಳಿದರೂ, ಕೆನಡದ ದುರ್ಗಮ ಪ್ರದೇಶಗಳನ್ನೆಲ್ಲ ತುಳಿದು, ಭೂಗರ್ಭ ಸಮೀಕ್ಷೆಯ ನಿರ್ದೇಶಕರಾದರು. ಯೂಕಾನಿನ ಡಾಸನ್ ನಗರಕ್ಕೆ ಅವರ ಹೆಸರಿದೆ. ತಂದೆಯ ಇನ್ನೊಂದು ಸಂತಾನ ಆ ವಿಶ್ವವಿದ್ಯಾನಿಲಯ. ಅದರ ಮುಂದಿನ ಕಥೆಯಲ್ಲಿಯೇ ನಮ್ಮ ಪ್ರಶ್ನೆಗೆ ಉತ್ತರವಿದೆ.

ಡಾಸನ್ನರು ಇಳಿದ ವರ್ಷವೇ ಮೆಕ್‌ಡೊನಾಲ್ಡರ ಹಣದಿಂದ ಕಟ್ಟಿದ ಭೌತವಿಜ್ಞಾನದ ಪ್ರಯೋಗಶಾಲೆ ತೆರೆಯಿತು. ಅವರು ತೀರಿಕೊಳ್ಳುವ ಹಿಂದಿನ ವರ್ಷ, 1898ರಲ್ಲಿ, ಆ ಪ್ರಯೋಗಶಾಲೆಗೆ ಇಪ್ಪತ್ತೇಳು ವರ್ಷದ ತರುಣನೊಬ್ಬನು ಬಂದನು. ಅವನೇ ಅರ್ನೆಸ್ಟ್ ರದರ್‌ಫರ್ಡ್. ಯುರೇನಿಯಂ, ಥೋರಿಯಂ ಮುಂತಾದ ಧಾತುಗಳು ತಾವಾಗಿಯೇ ಒಡೆದು ಬೇರೆ ಧಾತುಗಳಾಗುತ್ತವೆ ಎಂಬುದನ್ನು ಅವರು ಸಾಡಿಯೊಡನೆ ಕಂಡುಹಿಡಿದದ್ದು ಅಲ್ಲಿಯೇ. ಆ ಒಡೆಯುವಿಕೆಯ ವೇಗ ನಿಯತವಾದುದರಿಂದ ಕಲ್ಲಿನೊಳಗೆ ಒಂದು ಗಡಿಯಾರವಿದ್ದಂತಾಯಿತು. ಹೀಗೊಂದು ಕಥೆಯನ್ನು ಹೇಳುತ್ತಾರೆ. ಒಂದು ದಿನ ರದರ್‌ಫರ್ಡರು ಒಂದು ಕಪ್ಪು ಖನಿಜವನ್ನು ಕೈಯಲ್ಲಿ ಹಿಡಿದು ಆವರಣದಲ್ಲಿ ಬರುತ್ತಿರುವಾಗ ಭೂಗರ್ಭಶಾಸ್ತ್ರದ ಪ್ರೊಫೆಸರ್ ಫ್ರಾಂಕ್ ಆಡಮ್ಸರು ಎದುರಾದರು. ಭೂಮಿಗೆ ವಯಸ್ಸೆಷ್ಟು ಎಂದು ರದರ್‌ಫರ್ಡರು ಕೇಳಿದರು. ಹತ್ತು ಕೋಟಿ ವರ್ಷಗಳೆಂದು ಎಣಿಕೆಯಿದೆ ಎಂದು ಆಡಮ್ಸರು ಹೇಳಿದರು. ಈ ತುಂಡಿಗೇ ಎಪ್ಪತ್ತು ಕೋಟಿ ವರ್ಷವಾಗಿದೆಯೆಂದು ತಿಳಿಸಿ ರದರ್‌ಫರ್ಡರು ನಡೆದುಹೋದರಂತೆ.

ಆಡಮ್ಸರು ಡಾಸನ್ನರಲ್ಲಿ ಓದಿದ ಶಿಷ್ಯರು. ಅವರ ಪೀಠಕ್ಕೇ ಬಂದವರು. ಗುರುಗಳು ಉಷಃಕಾಲದ ಪ್ರಾಣಿಯನ್ನು ಕಂಡ ಆ ಲಾರೆನ್ಷಿಯನ್ ಶಿಲೆಗಳು ಹೇಗೆ ರೂಪಾಂತರ ಹೊಂದಿದವೆಂಬುದನ್ನೇ ಆಯುಷ್ಯವಿಡೀ ಶೋಧಿಸಿದವರು. ಗುರುವು ತಪ್ಪಿದ ಕಲ್ಲನ್ನು ಶಿಷ್ಯನು ಕೈಗೆತ್ತಿಕೊಂಡದ್ದು ಗುರುವಿನದೇ ಕಟ್ಟಡದಲ್ಲಿ. ಭೂಮಿಯ ಕಾಲಮಾನವನ್ನೇ ತಿದ್ದಿಬರೆದ ಗಡಿಯಾರ ಪತ್ತೆಯಾದದ್ದು ದನ ಮೇಯುತ್ತಿದ್ದ ಆ ಬಯಲಿನಲ್ಲಿ.

ವಿದ್ವಾಂಸನನ್ನು ಆಡಳಿತಕ್ಕೆ ಕೂರಿಸಬಹುದೆ ಎಂಬ ಪ್ರಶ್ನೆಗೆ ನನಗೆ ತೋರುವ ಉತ್ತರ ಇಷ್ಟು. ಅವನು ಎಷ್ಟು ಕಟ್ಟಡ ಕಟ್ಟಿಸಿದನು, ಎಷ್ಟು ಗ್ರಂಥ ಬರೆದನು ಎಂದು ಕೇಳಿದರೆ ಸಾಲದು. ಅವನ ಮಾತನ್ನು ಸುಳ್ಳುಮಾಡಬಲ್ಲವರಿಗೆ ಅವನು ಕಟ್ಟಿದ ಮನೆಯಲ್ಲಿ ಸ್ಥಳವಿತ್ತೆ ಎಂದು ಕೇಳಬೇಕು. ಡಾಸನ್ನರಿಗೆ ತಮ್ಮ ತಪ್ಪನ್ನು ತಾವೇ ಒಪ್ಪಿಕೊಳ್ಳುವ ಶಕ್ತಿ ಇರಲಿಲ್ಲ. ಆದರೆ ಅದನ್ನು ತಿದ್ದಬಲ್ಲವರು ಬಂದು ಕೂರುವ ಪೀಠಗಳಿಗೆ, ಬೇಕಾದ ಸಲಕರಣೆಗಳಿಗೆ, ಶಿಷ್ಯರಿಗೆ ಮೂವತ್ತೆಂಟು ವರ್ಷ ಮನೆಮನೆಯ ಬಾಗಿಲಲ್ಲಿ ನಿಂತು ಹಣ ಕೂಡಿಸಿದರು. ನೆಟ್ಟ ಮರದ ನೆರಳಿನಲ್ಲಿ ಯಾರು ಕುಳಿತು ಏನು ಹೇಳುತ್ತಾರೆಂಬುದನ್ನು ನೆಟ್ಟವನು ಗೊತ್ತುಮಾಡಲಾರ. ಮರವನ್ನು ನೆಡುವುದು, ನೀರೆರೆಯುವುದು, ಅದು ತನ್ನನ್ನು ಮೀರಿ ಬೆಳೆಯಲು ಬಿಡುವುದು: ಇಷ್ಟೇ ಅವನ ಪಾಲಿನದು. ಇದನ್ನು ಡಾಸನ್ನರು ಮಾಡಿದರು. ಅದಕ್ಕಾಗಿ ಅವರ ತಪ್ಪನ್ನು ಮರೆಯಬೇಕಾಗಿಲ್ಲ. ತಪ್ಪಿನೊಡನೆಯೇ ಅವರನ್ನು ಗೌರವಿಸಬಹುದು.